ಬಿಳಿ ಐದಕ್ಕಿಂತ ಕೂದಲೆಳೆ ಮೇಲೆ

ಮಂಡಿಪೇಟೆಯ ಟ್ರಾನ್ಸ್‌ಫಾರ್ಮರ್
ಹಗಲು ಯಾರ ಕಿವಿಗೂ ಬೀಳುವುದಿಲ್ಲ.
ರಾತ್ರಿ ಹನ್ನೊಂದರ ಮೇಲೆ, ಕಡೆಯ ಶಟರ್ ಇಳಿದು,
ಬೀಗವನ್ನು ಎರಡು ಸಲ ಎಳೆದು ನೋಡಿ ಸೇಟು ಹೋದ ಮೇಲೆ,
ಅದು ಬಾಯಿ ಮುಚ್ಚಿಕೊಂಡೇ
ಮ್
ಎನ್ನುತ್ತದೆ.
ಅಪ್ಪನ ಹಾರ್ಮೋನಿಯಂ ಕಟ್ಟೆಗೆ ತಂದು ಹಿಡಿದು ನೋಡಿದೆ:
ಬಿಳಿ ಐದು.
ಅಲ್ಲ, ಅದಕ್ಕಿಂತ ಕೂದಲೆಳೆ ಮೇಲೆ.
ಆ ಕೂದಲೆಳೆಯಲ್ಲೇ ನನ್ನ ಎರಡು ವರ್ಷ ಹೋದವು.

ಅಪ್ಪ, ಕಂಪನಿ ನಾಟಕದವರ ಪೆಟ್ಟಿಗೆ ರಿಪೇರಿಯವ.
ಹಿತ್ತಾಳೆ ರೀಡನ್ನು ಅರದಿಂದ ಕೆರೆದು, ಊದಿ, ಮತ್ತೆ ಕೆರೆದು
ಎರಡು ಸ್ವರ ಒಂದಾಗುವ ತನಕ ಊಟಕ್ಕೆ ಏಳುತ್ತಿರಲಿಲ್ಲ.
“ಅಲೆ ನಿಂತ್ರೆ ಶ್ರುತಿ ಸೇರ್ತು, ತಿಳೀತಾ?”
ತಿಳಿಯಿತು.
ನನಗೆ ಬೇಕಾದದ್ದು ಅವನು ಕೆರೆದು ಬಿಸಾಡಿದ ಆ ಅಲೆ:
ಕಂಬದ ಮ್ ಮತ್ತು ಪೆಟ್ಟಿಗೆಯ ಬಿಳಿ ಐದು
ಒಂದೇ ಹಾಸಿಗೆಯಲ್ಲಿ ಮಲಗಿದ ಅಕ್ಕತಂಗಿಯರಂತೆ
ಸೆಕೆಂಡಿಗೆ ಎರಡು ಸಲ
ಹೊದಿಕೆ ಎಳೆದಾಡುವುದು.

ಮನೆಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ಒತ್ತಿ ನಿಲ್ಲಿಸಿದೆ.
ಬಲಗೈಗೆ ಕೆಲಸವಿಲ್ಲ.
ತಿದಿ ಒತ್ತುವ ಎಡಗೈ ನಲವತ್ತನೇ ನಿಮಿಷಕ್ಕೆ
ಬೇರೆ ಯಾರದೋ ಆಗುತ್ತದೆ.
ಸ್ಪೀಕರಿನ ಬರಿ ಪಿನ್ನಿಗೆ ಬೆರಳಿಟ್ಟರೂ
ಅದೇ ಮ್, ಒಂದು ಸ್ಥಾಯಿ ಕೆಳಗೆ, ನನ್ನ ಮೈಯಿಂದ.
ಇಷ್ಟು ದಿನ ಎಲ್ಲಿತ್ತು?

ಆಜಾದ್ ನಗರದ ಭಟ್ಟಿಯ ದಸ್ತಗೀರನಿಗೆ ಹೇಳಿದರೆ ನಗಲಿಲ್ಲ.
ಕೆಟ್ಟ ಗಡಿಯಾರದಿಂದ ಬಜರ್ ಬಿಲ್ಲೆ ಕಿತ್ತು
ಜರಡಿಯ ಅಂಚಿಗೆ ಅಂಟಿಸಿದ.
ಬೆಳಗಿನ ನಾಲ್ಕು ಗಂಟೆ. ಹೊಟ್ಟಿನ ಹೊಗೆ.
ಕಾದ ಮರಳಿಗೆ ಅಕ್ಕಿ ಎರಚಿದಾಗ
ಅರೆಗಳಿಗೆ ಏನೂ ಇಲ್ಲ,
ಆಮೇಲೆ ಇಡೀ ಕೇರಿಯೇ ಒಟ್ಟಿಗೆ ಪಿಸುಗುಟ್ಟಿದ ಹಾಗೆ.
ಹದಿನಾರು ಪಟ್ಟು ನಿಧಾನ ಮಾಡಿ ಕೇಳಿದೆವು:
ಒಂದೊಂದು ಕಾಳೂ
ಒಳಗಿನ ಅಗುಳಿ ತೆಗೆದು ಹೊರಗೆ ಇಣುಕುತ್ತಿತ್ತು.
ಅವನ ತಾಯಿ ಹೆಡ್‌ಫೋನ್ ಹಾಕಿಕೊಂಡು ಬಹಳ ಹೊತ್ತು ಕೂತರು.
“ಗುಡುಗು ಐತಿ. ನಮ್ಮ ಮಂಡಕ್ಕಿ ಎಲ್ಲೈತಿ?”

ಚೀಟಿ ಅಂಟಿಸಿದೆವು:
ಹಾಡಿಲ್ಲ, ತಾಳವಿಲ್ಲ, ಚಹಾ ಇದೆ.
ಮಾಳಿಗೆ ಮೇಲೆ ಏಳು ಬಾಡಿಗೆ ಕುರ್ಚಿ,
ಬಂದವರು ಇಬ್ಬರು.
ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಒಬ್ಬ ಕೇಳಿದ,
“ಯಾವಾಗ ಶುರು ಮಾಡ್ತೀರಿ?”

ಆಗ ಮೆಟ್ಟಿಲು ಹತ್ತಿ ಬಂದವರು
ಪಕ್ಕದ ಮನೆಯ ತಿಪ್ಪೇರುದ್ರಪ್ಪ.
ಕಾಟನ್ ಮಿಲ್ಲು, ರಿಂಗ್ ಫ್ರೇಮ್ ಖಾತೆ, ಇಪ್ಪತ್ತಾರು ವರ್ಷ;
ಕಿವಿಗಳನ್ನು ಅಲ್ಲೇ ಬಿಟ್ಟು ಬಂದವರು.
ಹಲಗೆ ಮೇಲಿನ ಸ್ಟೀಲ್ ತಟ್ಟೆಗಳು ನಡುಗುತ್ತಿವೆಯಂತೆ, ನೋಡಲು ಬಂದರು.
ಬೈಯಬಹುದು ಅಂದುಕೊಂಡೆ.
ಸ್ಪೀಕರಿನ ಮೇಲೆ ಅಂಗೈ ಇಟ್ಟರು,
ಜ್ವರ ನೋಡುವಂತೆ.
“ಬೆಲ್ಟ್ ಸಡ್ಲಾಗೇತವ್ವ.”
ಯಾವ ಬೆಲ್ಟು? ಕೇಳಿದರೂ ಕೇಳದು.
ತಾವೇ ಒಂದು ಗುಂಡಿ ತುಸು ತಿರುಗಿಸಿದರು,
ಇನ್ನೂ ತುಸು.
“ಹಾಂ. ಈಗ ದಾರ ಹರಿಯಲ್ಲ.”
ನಿಜ ಹೇಳಬೇಕೆಂದರೆ
ನನ್ನ ಎರಡು ವರ್ಷಕ್ಕಿಂತ ಅದು ಚೆನ್ನಾಗಿತ್ತು.
ಅವರು ಕುರ್ಚಿ ಎಳೆದುಕೊಂಡು, ಅಂಗೈ ಅಲ್ಲೇ ಇಟ್ಟು
ನಿದ್ದೆಹೋದರು. ಗೊರಕೆಯನ್ನೂ ದಸ್ತಗೀರ ರೆಕಾರ್ಡ್ ಮಾಡಿದ.

ಒಂಬತ್ತೂ ನಲವತ್ತಕ್ಕೆ ಕರೆಂಟು ಹೋಯಿತು.
ಸ್ಪೀಕರು ಸತ್ತಿತು. ಕೆಳಗೆ ಕಂಬದ ಮ್ ಸತ್ತಿತು.
ಮುದುಕರು ಬೆಚ್ಚಿ ಕಣ್ಣು ಬಿಟ್ಟರು.
ಕತ್ತಲಲ್ಲಿ ಉಳಿದದ್ದು ಪೆಟ್ಟಿಗೆ, ಬೆಂಕಿಕಡ್ಡಿ, ನನ್ನ ಎಡಗೈ,
ಬಿಳಿ ಐದು ಒಂದೇ, ಜಗಳಕ್ಕೆ ಜೊತೆಯಿಲ್ಲದೆ,
ನೀರು ಬಿಟ್ಟ ಗೆರೆಯ ಹಾಗೆ ನೇರ.
ಅಲೆ ನಿಂತಿತ್ತು.
ಅಪ್ಪ ಇದ್ದಿದ್ದರೆ ಅರ ಕೆಳಗಿಟ್ಟು ಊಟಕ್ಕೆ ಏಳುತ್ತಿದ್ದ.

ನಾವು ಐದು ಜನ
ತಣ್ಣಗಾದ ಚಹಾ ಕುಡಿಯುತ್ತ
ಕರೆಂಟು ಬರಲೆಂದು ಕಾದೆವು.